ಡಿಕ್ಲೈನ್ ಒತ್ತಿದರೂ ದುಡ್ಡು ಬರುತ್ತೆ

ನೀವು ಬ್ಯಾಂಕಾಕ್‌ನ ಒಂದು ಎಟಿಎಂ ಮುಂದೆ ನಿಂತಿದ್ದೀರಿ ಅಂತ ಇಟ್ಕೊಳ್ಳಿ. ಕಾರ್ಡ್ ಹಾಕಿದಿರಿ, ಪಿನ್ ಕೊಟ್ಟಿರಿ, 10,000 ಬಾತ್ ಬೇಕು ಅಂತ ಒತ್ತಿದಿರಿ. ಮಷಿನ್ ಕೇಳುತ್ತೆ: ನಿಮ್ಮದು ವಿದೇಶಿ ಕಾರ್ಡು, ಇದಕ್ಕೆ ಶುಲ್ಕ ಬೀಳುತ್ತೆ, ಒಪ್ಪಿಗೆನಾ? ಬೇರೆ ದಾರಿ ಇಲ್ಲ. ಒಪ್ಪದಿದ್ದರೆ ಕಾರ್ಡ್ ವಾಪಸ್, ದುಡ್ಡು ಇಲ್ಲ. ‘ಆಕ್ಸೆಪ್ಟ್’ ಒತ್ತುತ್ತೀರಿ. ಕೂಡಲೇ ಇನ್ನೊಂದು ಪರದೆ ಬರುತ್ತೆ. ಈ ಸಲ ಬಾತ್ ಲೆಕ್ಕ ಇಲ್ಲ. ನಮ್ಮದೇ ರೂಪಾಯಿಯಲ್ಲಿ, ದೊಡ್ಡ ಅಕ್ಷರದಲ್ಲಿ, ಒಂದು ಮೊತ್ತ. ಕೆಳಗೆ ‘ಗ್ಯಾರಂಟೀಡ್ ರೇಟ್’. ಅದರ ಕೆಳಗೆ ಮತ್ತೆ ಅದೇ ಎರಡು ಗುಂಡಿ, ಆಕ್ಸೆಪ್ಟ್ ಮತ್ತು ಡಿಕ್ಲೈನ್.

(ಗ್ಯಾರಂಟಿ ಅಂದ ತಕ್ಷಣ ನಮ್ಮ ರಾಜ್ಯದ ರಾಜಕೀಯ ನೆನಪಾದರೆ ಅದು ನನ್ನ ತಪ್ಪಲ್ಲ. ಇವತ್ತಿನ ವಿಷಯ ಅದಲ್ಲ.)

ಈಗಷ್ಟೇ ಆಕ್ಸೆಪ್ಟ್ ಒತ್ತಿದ ಬೆರಳು ಇನ್ನೊಂದು ಸಲ ಅಲ್ಲಿಗೇ ಹೋಗುತ್ತೆ. ನೂರಕ್ಕೆ ತೊಂಬತ್ತು ಜನರ ಬೆರಳು ಹೋಗುತ್ತೆ ಅಂತ ಹೇಳೋಕೆ ನನ್ನ ಹತ್ರ ಅಂಕಿ-ಅಂಶ ಇಲ್ಲ. ಆದರೆ ಈ ಎರಡು ಪರದೆಗಳನ್ನು ಒಂದರ ಹಿಂದೆ ಒಂದು ಜೋಡಿಸಿದವನಿಗೆ ಬೆರಳಿನ ಅಭ್ಯಾಸ ಚೆನ್ನಾಗಿ ಗೊತ್ತು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಮೊದಲನೇ ಪ್ರಶ್ನೆಗೆ ‘ಬೇಡ’ ಅಂದರೆ ದುಡ್ಡು ಸಿಗಲ್ಲ. ಎರಡನೇ ಪ್ರಶ್ನೆಗೆ ‘ಬೇಡ’ ಅಂದರೂ ದುಡ್ಡು ಸಿಗುತ್ತೆ, ಸಾಮಾನ್ಯವಾಗಿ ಕಡಿಮೆ ಖರ್ಚಿನಲ್ಲೇ ಸಿಗುತ್ತೆ. ಈ ವ್ಯತ್ಯಾಸವನ್ನು ಆ ಪರದೆ ನಿಮಗೆ ಸ್ಪಷ್ಟವಾಗಿ ಹೇಳೋದಿಲ್ಲ.

ಇದಕ್ಕೆ ‘ಡೈನಮಿಕ್ ಕರೆನ್ಸಿ ಕನ್ವರ್ಷನ್’, ಚಿಕ್ಕದಾಗಿ ಡಿಸಿಸಿ ಅಂತ ಹೆಸರು. ನಾನು ಇಂಜಿನಿಯರಿಂಗ್ ಓದಿದವನಾದ್ದರಿಂದ ಮೊದಲು ಬಂದ ಕುತೂಹಲ ಇದು: ನಾನು ಭಾರತದವನು ಅಂತ ಆ ಮಷಿನ್‌ಗೆ ಹೇಗೆ ಗೊತ್ತಾಯ್ತು? ಅದರಲ್ಲಿ ಮಾಯ-ಮಂತ್ರ ಏನೂ ಇಲ್ಲ. ನಿಮ್ಮ ಕಾರ್ಡ್ ನಂಬರಿನ ಮೊದಲ ಆರೋ ಎಂಟೋ ಅಂಕಿಗಳು, ಆ ಕಾರ್ಡನ್ನು ಯಾವ ದೇಶದ ಯಾವ ಬ್ಯಾಂಕು ಕೊಟ್ಟಿದೆ ಅನ್ನೋದನ್ನು ಹೇಳಿಬಿಡುತ್ತವೆ. ಮಷಿನ್ ಅದನ್ನು ಓದಿ, ‘ಓಹೋ, ರೂಪಾಯಿ ಗಿರಾಕಿ’ ಅಂತ ಗುರುತು ಹಿಡಿಯುತ್ತೆ. ಆಮೇಲೆ ತನ್ನದೇ ಒಂದು ವಿನಿಮಯ ದರ ಹಾಕಿ ಮೊತ್ತ ತೋರಿಸುತ್ತೆ.

ವಿಷಯ ಇರೋದೇ ಆ ‘ತನ್ನದೇ’ ಅನ್ನೋ ಮಾತಲ್ಲಿ. ನೀವು ಡಿಕ್ಲೈನ್ ಒತ್ತಿದರೆ ನಿಮ್ಮ ಬ್ಯಾಂಕಿಗೆ ಹೋಗೋ ಬಿಲ್ಲು ಬಾತ್‌ನಲ್ಲೇ ಇರುತ್ತೆ. ಅದನ್ನು ರೂಪಾಯಿಗೆ ತಿರುಗಿಸೋದು ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜಾಲದ ಆ ದಿನದ ದರದಲ್ಲಿ. ಆ ದರ ಸಗಟು ಮಾರುಕಟ್ಟೆಗೆ ಬಹಳ ಹತ್ತಿರ ಇರುತ್ತೆ, ಎರಡೂ ಕಂಪನಿಗಳು ಅದನ್ನು ಪ್ರಕಟಿಸುತ್ತವೆ. ಅದರ ಮೇಲೆ ನಿಮ್ಮ ಬ್ಯಾಂಕು ತನ್ನ ಮಾರ್ಕಪ್ ಹಾಕುತ್ತೆ. ಆಕ್ಸೆಪ್ಟ್ ಒತ್ತಿದರೆ? ಎಟಿಎಂ ನಡೆಸುವವನ ದರ. ಎಷ್ಟು ಮಾರ್ಕಪ್ ಹಾಕಬೇಕು ಅನ್ನೋದು ಅವನಿಗೆ ಬಿಟ್ಟಿದ್ದು. ಮೂರ್ನಾಲ್ಕು ಪರ್ಸೆಂಟ್ ಹಾಕುವವರೂ ಇದ್ದಾರೆ, ಹತ್ತು ಪರ್ಸೆಂಟ್ ದಾಟಿಸುವವರೂ ಇದ್ದಾರೆ.

ಲೆಕ್ಕ ಹಾಕೋಣ. ಒಂದು ಬಾತ್‌ಗೆ ಎರಡೂವರೆ ರೂಪಾಯಿ, ಎಟಿಎಂ ಮಾರ್ಕಪ್ ಎಂಟು ಪರ್ಸೆಂಟ್ ಅಂತ ಹಿಡಿಯಿರಿ. ಇದು ಸುಲಭಕ್ಕೆ ಇಟ್ಟುಕೊಂಡ ಸಂಖ್ಯೆ, ನೀವು ಹೋದಾಗ ಬೇರೆ ಇರಬಹುದು. 10,000 ಬಾತ್‌ಗೆ ಜಾಲದ ದರದಲ್ಲಿ 25,000 ರೂಪಾಯಿ. ನಮ್ಮ ಬಹಳಷ್ಟು ಬ್ಯಾಂಕುಗಳ ಮಾರ್ಕಪ್ 3.5 ಪರ್ಸೆಂಟ್, ಅಂದರೆ 875 ರೂಪಾಯಿ. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 157 ರೂಪಾಯಿ 50 ಪೈಸೆ. ಒಟ್ಟು 26,032 ರೂಪಾಯಿ 50 ಪೈಸೆ. ಅದೇ ಆಕ್ಸೆಪ್ಟ್ ಒತ್ತಿದ್ದರೆ ಸೀದಾ 27,000. ಒಂದು ಗುಂಡಿಗೆ ಹತ್ತಿರ ಹತ್ತಿರ ಸಾವಿರ ರೂಪಾಯಿ! ಅಲ್ಲಿನ ಎಟಿಎಂ ಶುಲ್ಕ ಮತ್ತು ವಿದೇಶಿ ಎಟಿಎಂ ಬಳಸಿದ್ದಕ್ಕೆ ನಿಮ್ಮ ಬ್ಯಾಂಕು ಹಾಕುವ ಶುಲ್ಕ ಇದರಲ್ಲಿ ಸೇರಿಲ್ಲ. ಅವು ಸಾಮಾನ್ಯವಾಗಿ ಎರಡೂ ಕಡೆ ಇದ್ದೇ ಇರುತ್ತವೆ.

ಇದನ್ನು ಯಾಕೆ ಇಷ್ಟು ಎಳೆದು ಹೇಳ್ತಿದ್ದೀನಿ ಅಂದ್ರೆ, ನಮ್ಮ ಕಾರ್ಯಕ್ರಮಕ್ಕೆ ಹುಬ್ಬಳ್ಳಿ ಕಡೆಯ ಒಬ್ಬರು ವೀಕ್ಷಕರು ಮೇಲ್ ಮಾಡಿದ್ದರು. ಸಣ್ಣ ಅಂಗಡಿ ನಡೆಸುವವರು. ಹತ್ತು ಹನ್ನೆರಡು ಜನ ಸೇರಿಕೊಂಡು ಮೊದಲ ಸಲ ವಿದೇಶಕ್ಕೆ ಹೋಗಿದ್ದಾರೆ. ಥಾಯ್ಲೆಂಡ್‌ಗೆ ಈಗ ನಮ್ಮವರಿಗೆ ಮೊದಲಿನಷ್ಟು ವೀಸಾ ತಲೆನೋವಿಲ್ಲ, ಹಾಗಾಗಿ ಮೊದಲ ವಿದೇಶ ಪ್ರವಾಸ ಅಂದರೆ ಬಹಳ ಜನಕ್ಕೆ ಅದೇ. ಅವರು ಬರೆದ ಒಂದು ಮಾತು ನನ್ನನ್ನು ತಟ್ಟಿತು. ‘ಸರ್, ಡಿಕ್ಲೈನ್ ಒತ್ತಿದ್ರೆ ಕಾರ್ಡ್ ನುಂಗಿಬಿಟ್ರೆ ಏನ್ ಮಾಡೋದು ಅಂತ ಹೆದರಿಕೆ ಆಯ್ತು.’ ಐದು ದಿನದಲ್ಲಿ ನಾಲ್ಕು ಸಲ ದುಡ್ಡು ತೆಗೆದಿದ್ದಾರೆ, ನಾಲ್ಕು ಸಲವೂ ಆಕ್ಸೆಪ್ಟ್.

ದಿನಾ ಗಿರಾಕಿ ಜೊತೆ ಚೌಕಾಸಿ ಮಾಡುವ ಮನುಷ್ಯ. ಒಂದು ರೂಪಾಯಿ ಎಲ್ಲಿ ಹೋಯ್ತು ಅಂತ ಲೆಕ್ಕ ಇಡುವವರು. ಅಂಥವರನ್ನೂ ಆ ಪರದೆ ಹೆದರಿಸಿತು ಅಂದ್ರೆ, ಅದು ಅವರ ಅಜ್ಞಾನ ಅಲ್ಲ, ಪರದೆಯ ವಿನ್ಯಾಸ. ಪರದೇಶ, ಗೊತ್ತಿಲ್ಲದ ಭಾಷೆ, ಹಿಂದೆ ಸಾಲು, ಕಾರ್ಡ್ ಇನ್ನೂ ಮಷಿನ್ ಹೊಟ್ಟೆಯೊಳಗೆ. ಆಗ ‘ನಿರಾಕರಿಸು’ ಅನ್ನೋ ಪದ ಯಾರಿಗೆ ಧೈರ್ಯ ಕೊಡುತ್ತೆ ಹೇಳಿ? ‘ಬಾತ್‌ನಲ್ಲೇ ಕೊಡು’ ಅಂತ ಗುಂಡಿ ಮೇಲೆ ಬರೆದಿದ್ದರೆ ಅವರು ಅದನ್ನೇ ಒತ್ತುತ್ತಿದ್ದರು.

ಡಿಸಿಸಿ ಮಾರುವವರ ವಾದವನ್ನೂ ಕೇಳಬೇಕು. ನಿಮಗೆ ಎಷ್ಟು ರೂಪಾಯಿ ಕಡಿತ ಆಗುತ್ತೆ ಅಂತ ಅಲ್ಲೇ ಗೊತ್ತಾಗುತ್ತಲ್ಲ, ಅದು ಸೇವೆ ತಾನೇ ಅಂತಾರೆ. ಸರಿ, ಒಪ್ಪೋಣ. ಡಿಕ್ಲೈನ್ ಒತ್ತಿದರೆ ಅಂತಿಮ ಮೊತ್ತ ಗೊತ್ತಾಗೋಕೆ ಒಂದೆರಡು ದಿನ ಬೇಕಾಗಬಹುದು, ಅಷ್ಟರಲ್ಲಿ ದರ ಸ್ವಲ್ಪ ಆಚೀಚೆ ಆಗಬಹುದು. ಆದರೆ ಎರಡು ದಿನದಲ್ಲಿ ರೂಪಾಯಿ ಎಂಟು ಪರ್ಸೆಂಟ್ ಬೀಳುತ್ತಾ ಸ್ವಾಮಿ? ಹಾಗೆ ಬಿದ್ದರೆ ನಾನು ಎಟಿಎಂ ಬಗ್ಗೆ ಅಲ್ಲ, ದಿನವಿಡೀ ಬ್ರೇಕಿಂಗ್ ನ್ಯೂಸ್ ಓದುತ್ತಾ ಕೂತಿರ್ತೀನಿ.

ಹಾಗಾದ್ರೆ ಕಾರ್ಡ್ ಕಂಪನಿಗಳು ಸುಮ್ಮನಿವೆಯಾ? ಗ್ರಾಹಕನಿಗೆ ಆಯ್ಕೆ ಕೊಡಲೇಬೇಕು, ಒತ್ತಾಯ ಮಾಡಬಾರದು ಅನ್ನೋದು ಅವುಗಳ ನಿಯಮ. 2010ರಲ್ಲಿ ವೀಸಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಆಸ್ಟ್ರೇಲಿಯಾ ಸೇರಿ ಹಲವು ದೇಶಗಳ ಅಂಗಡಿಗಳಲ್ಲಿ ಡಿಸಿಸಿ ಹೊಸದಾಗಿ ವಿಸ್ತರಿಸದಂತೆ ಕೆಲವು ತಿಂಗಳು ತಡೆ ಹಾಕಿತು. ಕೇಳೋಕೆ ಗ್ರಾಹಕರ ಪರ ಅನಿಸುತ್ತೆ ಅಲ್ವಾ? ಆಸ್ಟ್ರೇಲಿಯಾದ ಸ್ಪರ್ಧಾ ಆಯೋಗ ಇದರ ವಿರುದ್ಧ ಕೋರ್ಟಿಗೆ ಹೋಯಿತು. ಕರೆನ್ಸಿ ಬದಲಿಸುವ ವ್ಯವಹಾರದಲ್ಲಿ ವೀಸಾಗೂ ಆದಾಯ ಇದೆ, ಪ್ರತಿಸ್ಪರ್ಧಿಯನ್ನು ಹೊರಗಿಡುವುದು ತಪ್ಪು ಅನ್ನೋದು ಆಯೋಗದ ವಾದ. 2015ರಲ್ಲಿ ಅಲ್ಲಿನ ಫೆಡರಲ್ ಕೋರ್ಟ್ ವೀಸಾಗೆ 1.8 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಅಂದರೆ ಜಗಳ ಇದ್ದದ್ದು ನಿಮ್ಮ ಜೇಬಿಗೆ ಯಾರು ಕೈ ಹಾಕಬೇಕು ಅನ್ನೋದಕ್ಕೆ.

ಯುರೋಪಿಯನ್ ಒಕ್ಕೂಟ ನಿಷೇಧ ಮಾಡಲಿಲ್ಲ, ಬೆಳಕು ಬಿಟ್ಟಿತು. 2019ರಲ್ಲಿ ಒಂದು ಕಾನೂನು ತಂದು, ಅವರ ಕೇಂದ್ರೀಯ ಬ್ಯಾಂಕಿನ ದರಕ್ಕಿಂತ ಎಷ್ಟು ಪರ್ಸೆಂಟ್ ಹೆಚ್ಚು ಹಾಕುತ್ತಿದ್ದೀರಿ ಅನ್ನೋದನ್ನು ಗ್ರಾಹಕ ಒಪ್ಪುವ ಮೊದಲೇ ತೋರಿಸಿ ಅಂದಿತು. 2020ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ನನ್ನ ಪ್ರಕಾರ ಇದು ಅರ್ಧ ಪರಿಹಾರ. ‘ಮಾರ್ಕಪ್ 11 ಪರ್ಸೆಂಟ್’ ಅಂತ ಬರೆದಿದ್ದರೂ, ಅದನ್ನು ಒಪ್ಪದಿದ್ದರೆ ದುಡ್ಡೇ ಬರಲ್ಲ ಅಂದುಕೊಂಡವರು ಆಕ್ಸೆಪ್ಟ್ ಒತ್ತೇ ಒತ್ತುತ್ತಾರೆ.

ಅಂಗಡಿ, ಹೋಟೆಲುಗಳಲ್ಲೂ ಇದೇ ಕಥೆ. ಬಿಲ್ ತಂದವನೇ ಸ್ವೈಪ್ ಮಷಿನ್‌ನಲ್ಲಿ ರೂಪಾಯಿ ಆಯ್ಕೆ ಒತ್ತಿ, ನಿಮಗೆ ಪಿನ್ ಹಾಕಿ ಅಂತ ಕೊಡ್ತಾನೆ. ಪಿನ್ ಹಾಕುವ ಮೊದಲು ಪರದೆ ನೋಡಿ. ರೂಪಾಯಿ ಕಂಡರೆ, ಕ್ಯಾನ್ಸಲ್ ಮಾಡಿ ಇಲ್ಲಿಯ ಕರೆನ್ಸಿಯಲ್ಲೇ ಹಾಕಪ್ಪ ಅನ್ನಿ. ಕ್ರೆಡಿಟ್ ಕಾರ್ಡ್ ಆದರೆ ಇನ್ನೊಂದು ಪೆಟ್ಟೂ ಇದೆ. ವಿದೇಶಿ ವ್ಯಾಪಾರಿಗೆ ರೂಪಾಯಿಯಲ್ಲಿ ಪಾವತಿ ಮಾಡಿದ್ದಕ್ಕೂ ನಮ್ಮ ಹಲವು ಬ್ಯಾಂಕುಗಳು ಸುಮಾರು ಒಂದು ಪರ್ಸೆಂಟ್ ಪ್ರತ್ಯೇಕವಾಗಿ ಕೀಳುತ್ತವೆ. ಅಲ್ಲೂ ಕೊಟ್ಟಿರಿ, ಇಲ್ಲೂ ಕೊಟ್ಟಿರಿ.

ಫಾರೆಕ್ಸ್ ಕಾರ್ಡ್ ಇದೆ, ನಮಗೇನು ಭಯ ಅನ್ನುವವರು ಸ್ವಲ್ಪ ಇತ್ತ ಕೇಳಿ. ಜರ್ಮನಿಗೆ ಓದೋಕೆ ಹೋಗುವ ನಮ್ಮ ಮಕ್ಕಳು, ಅವರನ್ನು ನೋಡೋಕೆ ಹೋಗುವ ಅಪ್ಪ-ಅಮ್ಮ ಬಹಳ ಜನ ಇದನ್ನೇ ಒಯ್ಯುತ್ತಾರೆ. ಕಾರ್ಡಿನೊಳಗೆ ಯೂರೋ ತುಂಬಿರುತ್ತೀರಿ. ಆದರೆ ಕಾರ್ಡ್ ಕೊಟ್ಟಿದ್ದು ಭಾರತದ ಬ್ಯಾಂಕು, ಮಷಿನ್ ಓದೋದು ಅದನ್ನೇ. ಹಾಗಾಗಿ ಇದಕ್ಕೂ ಅದು ರೂಪಾಯಿ ಆಸೆ ತೋರಿಸಬಹುದು. ನೀವು ಒಪ್ಪಿದರೆ ಏನಾಗುತ್ತೆ? ಯೂರೋ ಮೊತ್ತ ಕೆಟ್ಟ ದರದಲ್ಲಿ ರೂಪಾಯಿಗೆ ಹೋಗುತ್ತೆ, ಆ ರೂಪಾಯಿ ಬಿಲ್ ತೀರಿಸೋಕೆ ನಿಮ್ಮ ಕಾರ್ಡಿನ ಯೂರೋ ಮತ್ತೊಂದು ಸಲ ಪರಿವರ್ತನೆ ಆಗುತ್ತೆ. ಯೂರೋ ಕೊಡಬೇಕಾದ ಕಡೆ ಯೂರೋ ಇಟ್ಟುಕೊಂಡೇ ಎರಡು ಸಲ ನಷ್ಟ. ನನಗೆ ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಸಿಟ್ಟು ಬರೋದು ಇದಕ್ಕೆ.

ಹೊರಡೋ ಮುಂಚೆ ಬ್ಯಾಂಕಿಗೆ ಎರಡು ಪ್ರಶ್ನೆ ಕೇಳಿ: ಮಾರ್ಕಪ್ ಎಷ್ಟು, ವಿದೇಶಿ ಎಟಿಎಂಗೆ ಶುಲ್ಕ ಎಷ್ಟು. ಮಾರ್ಕಪ್ ಇಲ್ಲದ ಕಾರ್ಡುಗಳೂ ಈಗ ಸಿಗುತ್ತವೆ. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಆಗಿದೆಯಾ ನೋಡಿಕೊಳ್ಳಿ. 2020ರಲ್ಲಿ ಜಾರಿಗೆ ಬಂದ ಆರ್‌ಬಿಐ ನಿಯಮದ ಪ್ರಕಾರ ಹೊಸ ಕಾರ್ಡುಗಳಲ್ಲಿ ಅದು ಆಫ್ ಆಗಿಯೇ ಬರುತ್ತೆ. ಅಲ್ಲಿನ ಎಟಿಎಂ ಶುಲ್ಕ ಪ್ರತಿ ಸಲ ಬೀಳೋದರಿಂದ ಚೂರುಚೂರು ತೆಗೆಯಬೇಡಿ. ಕ್ರೆಡಿಟ್ ಕಾರ್ಡಿನಲ್ಲಿ ನಗದು ಮಾತ್ರ ತೆಗೆಯಲೇಬೇಡಿ, ಅದಕ್ಕೆ ಮೊದಲ ದಿನದಿಂದಲೇ ಬಡ್ಡಿ.

ಹುಬ್ಬಳ್ಳಿಯ ಆ ವೀಕ್ಷಕರಿಗೆ ದುಡ್ಡು ವಾಪಸ್ ಬರುತ್ತಾ ಅಂತ ಕೇಳಿದಿರಾ? ಕಷ್ಟ. ಇಲ್ಲಿನ ಬ್ಯಾಂಕು ತಪ್ಪು ಮಾಡಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್ ಇದ್ದಾರೆ. ಆದರೆ ಇಲ್ಲಿ ದರ ಹಾಕಿದ್ದು ಥಾಯ್ಲೆಂಡ್‌ನ ಎಟಿಎಂ, ಒಪ್ಪಿಗೆ ಒತ್ತಿದ್ದು ಗ್ರಾಹಕ. ಪರದೆಯಲ್ಲಿ ಆಯ್ಕೆಯನ್ನೇ ಕೊಡದೆ ರೂಪಾಯಿಗೆ ತಿರುಗಿಸಿದ್ದರೆ ಮಾತ್ರ ರಸೀದಿ ಇಟ್ಟುಕೊಂಡು ನಿಮ್ಮ ಬ್ಯಾಂಕಿನಲ್ಲಿ ತಕರಾರು ದಾಖಲಿಸಬಹುದು.

ಇನ್ನು, ಇದು ಹೊರದೇಶದವರು ನಮಗೆ ಮಾಡೋ ಮೋಸ ಅಂತಷ್ಟೇ ತಿಳ್ಕೋಬೇಡಿ. ನಮ್ಮ ದೇಶದ ಕೆಲವು ಎಟಿಎಂಗಳಲ್ಲೂ ವಿದೇಶಿ ಕಾರ್ಡ್ ಹಾಕಿದರೆ ಇದೇ ಪ್ರಶ್ನೆ ಬರುತ್ತೆ. ಅಮೆರಿಕದಿಂದ ರಜೆಗೆ ಬರುವ ನಿಮ್ಮ ಅಣ್ಣನೋ ಅತ್ತಿಗೆಯೋ ಅಲ್ಲಿನ ಕಾರ್ಡ್ ಹಿಡಿದು ದುಡ್ಡು ತೆಗೆಯೋಕೆ ಹೋದರೆ, ಪರದೆ ಮೇಲೆ ಡಾಲರ್ ಮೊತ್ತ ಕಾಣಿಸಬಹುದು. ಅವರಿಗೂ ಹೇಳಿ, ರೂಪಾಯಿಯಲ್ಲೇ ಇರಲಿ ಅಂತ.