ಬ್ರೇಕಿನ ಮೇಸ್ತ್ರಿ

ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಸುತ್ತಲ ಹಳ್ಳಿಗಳಿಂದ ಬರುವ ಮೊಪೆಡ್‌ಗಳಲ್ಲಿ ಕೆಲವು, ಮೂಟೆ ಇಳಿಸಿದ ಮೇಲೆ ನೇರವಾಗಿ ಒಂದು ತಗಡಿನ ಶೆಡ್ಡಿಗೆ ಹೋಗುತ್ತವೆ. ಅಲ್ಲಿ ಬೋರ್ಡು ಇಲ್ಲ. ಎಂಜಿನ್ ಕೆಲಸಕ್ಕೆ ಊರಲ್ಲಿ ಬೇರೆ ಗ್ಯಾರೇಜುಗಳಿವೆ. ಇಲ್ಲಿಗೆ ಬರುವವರು ಬ್ರೇಕಿಗಾಗಿಯೇ ಬರುತ್ತಾರೆ. ಅರವತ್ತು ದಾಟಿದ ಮೇಸ್ತ್ರಿ ತಮ್ಮ ಹೆಸರು ಹಾಕುವುದು ಬೇಡ ಎಂದರು.

ಗಾಡಿ ಬಂದ ಕೂಡಲೇ ಅವರು ಸ್ಪ್ಯಾನರ್ ಹಿಡಿಯುವುದಿಲ್ಲ. ಸ್ಟ್ಯಾಂಡ್ ಹಾಕಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ, ಲಿವರನ್ನು ನಿಧಾನವಾಗಿ ಒತ್ತುತ್ತಾರೆ. ಕಣ್ಣು ಮಾತ್ರ ಕೆಳಗೆ, ಡ್ರಮ್ಮಿನ ಪಕ್ಕದ ಪುಟ್ಟ ಕಬ್ಬಿಣದ ತೋಳಿನ ಮೇಲಿರುತ್ತದೆ. ಕೇಬಲ್ ಆ ತೋಳನ್ನು ಎಳೆದಾಗ ಒಳಗಿನ ಕ್ಯಾಮ್ ತಿರುಗಿ, ಎರಡು ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ. ಬ್ರೇಕ್ ಪೂರ್ತಿ ಹಿಡಿದಾಗ ಕೇಬಲ್ಲೂ ತೋಳೂ ಹೆಚ್ಚುಕಡಿಮೆ ಲಂಬಕೋನದಲ್ಲಿರಬೇಕು. ತೋಳು ಅದನ್ನು ದಾಟಿ ಬಹಳ ಮುಂದೆ ಹೋದರೆ ಶೂಗಳ ಮೇಲಿನ ಲೈನರ್ ಸವೆದಿದೆ ಎಂದೇ ಅರ್ಥ.

ಗಿರಾಕಿಗಳಿಗೆ ಇದನ್ನು ಒಪ್ಪಿಸುವುದೇ ಕಷ್ಟದ ಕೆಲಸ. ‘ನಟ್ಟು ಬಿಗಿ ಮಾಡಿಕೊಡಿ ಸಾಕು’ ಅನ್ನುವವರೇ ಹೆಚ್ಚು. ‘ನಟ್ಟು ಬಿಗಿ ಮಾಡಿದ್ರೆ ಲಿವರ್ ಗಟ್ಟಿ ಆಗುತ್ತೆ ಸ್ವಾಮಿ, ಲೈನರ್ ಬೆಳೆಯುತ್ತಾ?’ ಎಂದು ಮೇಸ್ತ್ರಿ ಕೇಳುತ್ತಾರೆ. ಕೇಬಲ್ ತುದಿಯ ಆ ನಟ್ಟು ತಿರುಗಿಸುತ್ತಾ ಹೋದಷ್ಟೂ ಸವೆತ ಮುಚ್ಚಿಹೋಗುತ್ತದೆ. ಕೊನೆಗೊಂದು ದಿನ, ಇಳಿಜಾರಿನಲ್ಲಿ, ಹಿಂದೆ ಮೂಟೆ ಇರುವಾಗ ಅದು ಹೊರಬೀಳುತ್ತದೆ.

ಲಿವರ್ ಭಾರವಾಗಿದ್ದು ತಾನಾಗಿ ವಾಪಸ್ ಬರದಿದ್ದರೆ ಅವರದು ಬೇರೆ ಪರೀಕ್ಷೆ. ಕೇಬಲ್ಲಿನ ಕೆಳತುದಿಯನ್ನು ತೋಳಿನಿಂದ ಬಿಡಿಸಿ ಲಿವರ್ ಒತ್ತುತ್ತಾರೆ. ಆಗಲೂ ಬಿಗಿಯಿದ್ದರೆ ದೋಷ ಕೇಬಲ್ಲಿನದು. ಸಲೀಸಾಗಿ ಆಡಿದರೆ ಒಣಗಿದ ಕ್ಯಾಮಿನದು ಅಥವಾ ಸೋತ ಸ್ಪ್ರಿಂಗಿನದು. ಕೇಬಲ್ ಆದರೆ, ಅದನ್ನು ಬಿಚ್ಚಿ ನೇತುಹಾಕಿ, ಮೇಲ್ತುದಿಗೆ ಪ್ಲಾಸ್ಟಿಕ್ ಹಾಳೆಯ ಆಲಿಕೆ ಕಟ್ಟಿ ಎಣ್ಣೆ ತುಂಬಿಸಿ ರಾತ್ರಿಯಿಡೀ ಬಿಡುತ್ತಾರೆ. ಬೆಳಿಗ್ಗೆ ಹೊತ್ತಿಗೆ ಎಣ್ಣೆ ಕೆಳತುದಿಗೆ ಬಂದಿರುತ್ತದೆ. ತುದಿಯಲ್ಲಿ ಒಂದೇ ಒಂದು ಎಳೆ ಕಿತ್ತಿದ್ದರೂ ಆ ಕೇಬಲ್ಲಿಗೆ ಅವರು ಎಣ್ಣೆ ಹಾಕುವುದಿಲ್ಲ, ಹೊಸದನ್ನೇ ಹಾಕುತ್ತಾರೆ.

ಕ್ಯಾಮಿಗೆ ಗ್ರೀಸ್ ಹಚ್ಚುವಾಗಲೂ ಅಷ್ಟೇ ಎಚ್ಚರ. ಹೆಚ್ಚಾದರೆ ಬಿಸಿಗೆ ಕರಗಿ ಲೈನರಿಗೆ ಇಳಿಯುತ್ತದೆ. ಗ್ರೀಸ್ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವವರಿದ್ದಾರೆ, ಇವರು ಎಸೆಯುತ್ತಾರೆ. ಹೊಳಪು ಬಂದು ಕಿರುಗುಡುವ ಲೈನರಾದರೆ ಉಪ್ಪುಕಾಗದದಲ್ಲಿ ಲಘುವಾಗಿ ಉಜ್ಜಿದರೆ ಸಾಕು. ಬ್ರೇಕ್ ಹಿಡಿದಾಗ ಲಿವರ್ ಬೆರಳಿಗೆ ತಳ್ಳಿ ತಳ್ಳಿ ಬಂದಂತಾದರೆ ಡ್ರಮ್ಮಿನ ದುಂಡು ಹೋಗಿದೆ, ಅದಕ್ಕೆ ಲೇತ್ ಬೇಕು.

ಡ್ರಮ್ಮಿನ ಧೂಳನ್ನು ಅವರು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಮೊದಲೆಲ್ಲ ಬಾಯಲ್ಲೇ ಊದುತ್ತಿದ್ದರಂತೆ. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಇದನ್ನು ಯಾರೂ ಹೇಳಿಕೊಡದೆ ಒಂದು ತಲೆಮಾರಿನ ಮೆಕ್ಯಾನಿಕ್‌ಗಳು ದುಡಿದರು ಎನ್ನುವುದು ಸಣ್ಣ ಮಾತಲ್ಲ.

ಅವರು ಕಸುಬು ಕಲಿತದ್ದು ಲೂನಾ ಮೇಲೆ. 1972ರಲ್ಲಿ ಪುಣೆಯ ಕೈನೆಟಿಕ್ ತಂದ ಆ ಗಾಡಿಗೆ ಪೆಡಲ್ ಇತ್ತು, ಎಂಜಿನ್ 50 ಸಿಸಿಯದು. 1980ರಲ್ಲಿ ಹೊಸೂರಿನಿಂದ ಇಬ್ಬರು ಕೂರಬಹುದಾದ ಟಿವಿಎಸ್ 50 ಬಂತು. ಜನ ಇಬ್ಬರ ಜೊತೆಗೆ ಮೂಟೆಯನ್ನೂ, ಹಾಲಿನ ಕ್ಯಾನನ್ನೂ ಹೇರಿದರು. ಸೈಕಲ್ಲಿನಂತೆಯೇ ಎರಡು ಬ್ರೇಕೂ ಹ್ಯಾಂಡಲ್ಲಿನಲ್ಲಿ. ಸೈಕಲ್ ಕಾಲದ ಭಯವೂ ಜೊತೆಗೇ ಬಂತು. ಮುಂದಿನ ಬ್ರೇಕ್ ಹಿಡಿದರೆ ಮುಗ್ಗರಿಸುತ್ತೇವೆಂದು ಹಿಂದಿನದನ್ನೇ ಹಿಡಿಯುವವರು ಇಂದಿಗೂ ಇದ್ದಾರೆ. ಗಾಡಿ ನಿಲ್ಲುವಾಗ ಭಾರ ಮುಂದಕ್ಕೆ ಜರುಗುವುದರಿಂದ ಮುಂದಿನ ಬ್ರೇಕಿನ ಪಾಲೇ ದೊಡ್ಡದು. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಜೋಡಿ ಬ್ರೇಕ್ ಅಥವಾ ಎಬಿಎಸ್ ಕಡ್ಡಾಯವಾಯಿತು. ಜೋಡಿ ಬ್ರೇಕಿನಲ್ಲಿ ಹಿಂದಿನದನ್ನು ಹಿಡಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ‘ಒಳ್ಳೇದೇ ಆಯ್ತು. ಆದ್ರೆ ಒಂದನ್ನ ಮುಟ್ಟಿದ್ರೆ ಇನ್ನೊಂದನ್ನೂ ನೋಡ್ಬೇಕು, ಅಷ್ಟು ತಾಳ್ಮೆ ಯಾರಿಗಿದೆ?’ ಎನ್ನುತ್ತಾರೆ ಮೇಸ್ತ್ರಿ.

ಶೆಡ್ಡಿನಲ್ಲೀಗ ಕಲಿಯುವ ಹುಡುಗರಿಲ್ಲ. ಹಳೇ ಶೂಗಳಿಗೆ ಲೈನರ್ ಅಂಟಿಸಿಕೊಡುತ್ತಿದ್ದವರೂ ಬಿಟ್ಟಿದ್ದಾರೆ; ಹೊಸ ಶೂ ಅಂಗಡಿಯಲ್ಲೇ ಸಿಗುತ್ತದೆ, ಹಾಕಿಕೊಟ್ಟರೆ ಕೆಲಸ ಮುಗಿಯಿತು. ಕೆಟ್ಟದ್ದು ಶೂ ಹೌದೋ ಅಲ್ಲವೋ ಎಂದು ನೋಡುವ ಕೈ ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ. ನಿಮ್ಮೂರಿನಲ್ಲೂ ಇಂಥ ಮೇಸ್ತ್ರಿ ಇದ್ದರೆ, ಬ್ರೇಕ್ ಪೂರ್ತಿ ಹೋಗುವ ಮೊದಲೇ ಗಾಡಿ ತೋರಿಸಿ, ಕೇಳಿದಷ್ಟು ಕೂಲಿ ಕೊಡಿ. ಹೊಸ ಶೂ ಹಾಕಿಸಿದ್ದರೆ, ಅದು ಡ್ರಮ್ಮಿಗೆ ಕೂರುವ ತನಕ ಮೂಟೆ ಹೇರಬೇಡಿ.