ದುಬಾರಿ ಶಾಕ್, ಅಗ್ಗದ ನಂಬಿಕೆ

ಯಮಹಾ ವೈಎಫ್‌ಜೆಡ್ 450ಆರ್, ಹೋಂಡಾ ಟಿಆರ್‌ಎಕ್ಸ್ 450ಆರ್‌ನಂಥ ರೇಸಿಂಗ್ ಎಟಿವಿಗಳ, ಅಂದರೆ ಹಾದಿಯಿಲ್ಲದ ನೆಲದಲ್ಲೂ ಓಡುವ ನಾಲ್ಕು ಚಕ್ರದ ಗಾಡಿಗಳ, ಓಟಕ್ಕೆ ಹೆಸರಾದ ನಾಡು ಅಮೆರಿಕ. ಅಲ್ಲಿ ಮುಖ್ಯವಾಗಿ ಎರಡು ಬಗೆಯ ಓಟಗಳಿವೆ. ಮಣ್ಣಿನ ದಿಬ್ಬಗಳನ್ನು ಹಾರಿ ಹಾರಿ ಸುತ್ತುವುದು ಮೋಟೊಕ್ರಾಸ್. ಕಾಡು, ಕೆಸರು, ಬೇರು, ಬಂಡೆಗಳ ನಡುವೆ ಎರಡು ಗಂಟೆಯ ಹೊತ್ತು ನುಗ್ಗುವುದು ಗ್ರ್ಯಾಂಡ್ ನ್ಯಾಷನಲ್ ಕ್ರಾಸ್ ಕಂಟ್ರಿ, ಅಂದರೆ ಜಿಎನ್‌ಸಿಸಿ. ಎರಡರಲ್ಲೂ ಸವಾರರ ಜೇಬಿಗೆ ದೊಡ್ಡ ಕತ್ತರಿ ಹಾಕುವ ವಸ್ತುಗಳಲ್ಲಿ ಶಾಕ್ ಅಬ್ಸಾರ್ಬರ್ ಒಂದು. ಕಂಪನಿ ಕೊಟ್ಟ ಶಾಕ್ ಕಿತ್ತು ಕೆನಡಾದ ಎಲ್ಕಾ, ಅಮೆರಿಕದ ಫಾಕ್ಸ್, ಸ್ವೀಡನ್ನಿನ ಓಹ್ಲಿನ್ಸ್ ಹಾಕಿಸುವುದು ಅಲ್ಲಿ ಮಾಮೂಲಿ.

ನಮ್ಮಲ್ಲಿ ಈ ಪ್ರಶ್ನೆ ಎದುರಾಗುವುದು ಇಂಜಿನಿಯರಿಂಗ್ ಕಾಲೇಜುಗಳ ವರ್ಕ್‌ಶಾಪಿನಲ್ಲಿ. 2007ರಿಂದ ನಡೆದುಬಂದಿರುವ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಗೆ ಕರ್ನಾಟಕದ ತಂಡಗಳೂ ತಾವೇ ಎಟಿವಿ ಕಟ್ಟಿಕೊಂಡು ಹೋಗುತ್ತವೆ. ಗಾಡಿಯ ಚೌಕಟ್ಟನ್ನು ವಿದ್ಯಾರ್ಥಿಗಳೇ ಬೆಸುಗೆ ಹಾಕುತ್ತಾರೆ, ಶಾಕ್ ಮಾತ್ರ ಸಾಮಾನ್ಯವಾಗಿ ಹೊರಗಿನಿಂದ ಬರುತ್ತದೆ. ಸವಾರನಿರಲಿ, ವಿದ್ಯಾರ್ಥಿಯಿರಲಿ, ಕೊಳ್ಳುವಾಗ ಕಿವಿಗೆ ಬೀಳುವ ಮಾತುಗಳು ಹೆಚ್ಚುಕಡಿಮೆ ಒಂದೇ. ಅವುಗಳಲ್ಲಿ ಎಂಟನ್ನು ಇಲ್ಲಿ ಪರೀಕ್ಷಿಸೋಣ.

ತಪ್ಪು ಕಲ್ಪನೆ 1: ಗುಂಡಿಯ ಏಟನ್ನು ಹೀರುವುದು ಶಾಕ್, ಸ್ಪ್ರಿಂಗ್ ಅದರ ಮೇಲಿನ ಬರೀ ಹೊದಿಕೆ.

ಸತ್ಯ: ಗಾಡಿಯ ಭಾರ ಹೊರುವುದೂ ಚಕ್ರ ಮೇಲೆದ್ದಾಗ ಆ ಶಕ್ತಿಯನ್ನು ಹಿಡಿದಿಡುವುದೂ ಸ್ಪ್ರಿಂಗ್. ಹಿಡಿದಿಟ್ಟದ್ದನ್ನು ಅದು ವಾಪಸ್ ಕೊಡಲೇಬೇಕು. ಹಾಗೆ ಕೊಡುವಾಗ ಗಾಡಿ ಕುಣಿಯದಂತೆ ತಡೆಯುವುದು ಒಳಗಿನ ಡ್ಯಾಂಪರ್. ಆಯಿಲ್ ತುಂಬಿದ ಕೊಳವೆಯಲ್ಲಿ ಪಿಸ್ಟನ್ ಓಡಾಡುತ್ತದೆ. ಪಿಸ್ಟನ್ನಿನ ತೂತುಗಳನ್ನು ಮುಚ್ಚಿರುವ ತೆಳು ಉಕ್ಕಿನ ಬಿಲ್ಲೆಗಳನ್ನು ಬಾಗಿಸಿಕೊಂಡು ಆಯಿಲ್ ನುಸುಳುತ್ತದೆ, ಚಲನೆ ಶಾಖವಾಗಿ ಕರಗುತ್ತದೆ. ಓಟ ಮುಗಿಸಿ ಬಂದ ಶಾಕ್ ಕೈ ಸುಡುವುದು ಇದಕ್ಕೇ. ಹಾಗಾಗಿ ಆಯ್ಕೆಯಲ್ಲಿ ಸ್ಪ್ರಿಂಗ್ ಮೊದಲು, ಡ್ಯಾಂಪಿಂಗ್ ನಂತರ. ಸ್ಪ್ರಿಂಗ್ ತಪ್ಪಿದ್ದರೆ ಎಷ್ಟೇ ದುಬಾರಿ ಡ್ಯಾಂಪರ್ ಆ ತಪ್ಪನ್ನು ತಿದ್ದಲಾರದು.

ತಪ್ಪು ಕಲ್ಪನೆ 2: ಚಾಂಪಿಯನ್ ಹಾಕಿದ ಶಾಕ್ ನನಗೂ ಆಗುತ್ತದೆ.

ಸತ್ಯ: ಇಂಧನ ತುಂಬಿದ ವೈಎಫ್‌ಜೆಡ್ 450ಆರ್ ತೂಗುವುದು ಸುಮಾರು 184 ಕೆಜಿ. 80 ಕೆಜಿಯ ಸವಾರ ಹತ್ತಿದರೆ ಒಟ್ಟು ಭಾರದಲ್ಲಿ ಅವನ ಪಾಲೇ ಶೇ 30. ಒಂದು ಟನ್ ಕಾರಿನಲ್ಲಿ ಅದೇ ಮನುಷ್ಯನ ಪಾಲು ಶೇ 8ರಷ್ಟೂ ಇಲ್ಲ. ಹೀಗಾಗಿ 60 ಕೆಜಿಯವನಿಗೆ ಹೇಳಿ ಮಾಡಿಸಿದ ಸ್ಪ್ರಿಂಗ್ 95 ಕೆಜಿಯವನಿಗೆ ಕುಸಿಯುತ್ತದೆ, 95ರವನದು 60ರವನನ್ನು ಕುದುರೆಯಂತೆ ಒದೆಯುತ್ತದೆ.

ಟ್ರ್ಯಾಕ್ ಕೂಡ ಲೆಕ್ಕಕ್ಕೆ ಬರುತ್ತದೆ. ಚಾಡ್ ವೀನೆನ್ ಹೆಸರು ಮಾಡಿದ್ದು ಮೋಟೊಕ್ರಾಸ್‌ನಲ್ಲಿ, ವಾಕರ್ ಫೌಲರ್ ಜಿಎನ್‌ಸಿಸಿಯಲ್ಲಿ. ಇಬ್ಬರೂ ಓಡಿಸಿದ್ದು ಯಮಹಾವನ್ನೇ. ಆದರೆ ಒಬ್ಬನ ಗಾಡಿ ಹಾರಿ ಬಿದ್ದ ಏಟು ತಡೆಯಬೇಕು, ಇನ್ನೊಬ್ಬನದು ಬೇರು-ಬಂಡೆಗಳ ಮೇಲೆ ಎರಡು ಗಂಟೆ ಕೈ ನೋಯಿಸದೆ ಸಾಗಬೇಕು. ಈ ಅಂತರ ಯಮಹಾಕ್ಕೂ ಗೊತ್ತಿತ್ತು. ಸುಮಾರು 49 ಇಂಚು ಅಗಲದ 450ಆರ್ ಜೊತೆಗೆ, ಮರಗಳ ಸಂದಿಯಲ್ಲಿ ತೂರಲೆಂದೇ ಸುಮಾರು 46 ಇಂಚಿನ 450ಎಕ್ಸ್ ಅನ್ನು ಅದು 2010ರ ಮಾದರಿಯಾಗಿ ಹೊರತಂದಿತು. ಚಾಂಪಿಯನ್ನನ ಶಾಕ್ ಹಾಗೇ ಕೊಳ್ಳುವುದೆಂದರೆ ಇನ್ನೊಬ್ಬರ ನಂಬರಿನ ಕನ್ನಡಕ ಕೊಂಡಂತೆ. ಫ್ರೇಮ್ ಎಷ್ಟು ಚೆನ್ನಾಗಿದ್ದರೇನು?

ತಪ್ಪು ಕಲ್ಪನೆ 3: ಎ-ಆರ್ಮ್ ಬದಲಿಸಿದರೂ ಹಳೆಯ ಶಾಕ್, ಹಳೆಯ ಸ್ಪ್ರಿಂಗ್ ಸಾಕು.

ಸತ್ಯ: ಮುಂದಿನ ಚಕ್ರವನ್ನು ಚೌಕಟ್ಟಿಗೆ ಜೋಡಿಸುವ ತೋಳೇ ಎ-ಆರ್ಮ್. ಆ ಚಕ್ರ ಮತ್ತು ಶಾಕ್ ಸಮಸಮ ಚಲಿಸುವುದಿಲ್ಲ. ಶಾಕ್‌ನ ಕೆಳತುದಿ ಎ-ಆರ್ಮ್‌ನ ನಡುವೆಲ್ಲೋ ಕೂತಿರುವುದರಿಂದ, ಚಕ್ರ 2 ಮಿ.ಮೀ. ಎದ್ದರೆ ಶಾಕ್ 1 ಮಿ.ಮೀ. ಒತ್ತಿಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಸ್ಪ್ರಿಂಗ್‌ನ ಬಿಗಿ ಮಿಲಿಮೀಟರಿಗೆ 4 ಕೆಜಿ. ಹಾಗಾದರೆ ಚಕ್ರದ ಬಳಿ ಸಿಗುವುದು 2 ಕೆಜಿ ಅಲ್ಲ, ಬರೀ 1 ಕೆಜಿ. ಸನ್ನೆಯ ಲೆಕ್ಕದಲ್ಲಿ ಬಲವೂ ಅರ್ಧವಾಗುತ್ತದೆ, ದೂರವೂ ಇಮ್ಮಡಿಯಾಗುತ್ತದೆ. ಶಾಕ್ ಮತ್ತು ಚಕ್ರದ ಚಲನೆಗಳ ಅನುಪಾತದ ವರ್ಗದಷ್ಟು ಬಿಗಿ ಇಳಿಯುವುದೆಂದರೆ ಇದೇ.

ಈಗ ಉದ್ದದ ಎ-ಆರ್ಮ್ ಹಾಕಿದಿರಿ, ಅನುಪಾತ 0.5ರಿಂದ 0.45ಕ್ಕೆ ಇಳಿಯಿತು. ಸ್ಪ್ರಿಂಗ್ ಅದೇ ಇದ್ದರೂ ಚಕ್ರದ ಬಳಿಯ ಬಿಗಿ ಮಿಲಿಮೀಟರಿಗೆ 0.81 ಕೆಜಿ, ಸುಮಾರು ಶೇ 19 ಕಡಿಮೆ. ಹೊಸ ಆರ್ಮ್ ಬಂದ ಮೇಲೆ ಗಾಡಿ ಮೂಗು ಮುಗ್ಗರಿಸುತ್ತದೆಂದು ಶಾಕ್ ಕಂಪನಿಯನ್ನು ಬೈಯುವವರು ಈ ಗುಣಾಕಾರ ಮಾಡಿರುವುದಿಲ್ಲ. ಉದ್ದದ ಅಳತೆಯೂ ಅಷ್ಟೇ ಮುಖ್ಯ. ಪೂರ್ತಿ ಚಾಚಿದಾಗ ಶಾಕ್ ಬೇಕಾದ್ದಕ್ಕಿಂತ ಉದ್ದವಿದ್ದರೆ ಬಾಲ್ ಜಾಯಿಂಟ್ ತನ್ನ ಮಿತಿ ಮೀರಿ ಸಿಕ್ಕಿಕೊಳ್ಳುತ್ತದೆ. ಆರ್ಮ್ ಯಾವ ಕಂಪನಿಯದು, ಎಷ್ಟು ಅಗಲ ಎಂದು ಹೇಳದೆ ಶಾಕ್ ಆರ್ಡರ್ ಮಾಡಬಾರದು.

ತಪ್ಪು ಕಲ್ಪನೆ 4: ಕಾಲರ್ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ.

ಸತ್ಯ: ಎಷ್ಟೋ ವರ್ಷ ಗಾಡಿ ಓಡಿಸಿದವರೂ ನಂಬುವ ಮಾತು ಇದು. ಸ್ಪ್ರಿಂಗ್ ಎಷ್ಟು ಬಿಗಿ ಎಂಬುದನ್ನು ತಂತಿಯ ದಪ್ಪ, ಸುರುಳಿಯ ಅಗಲ, ಸುರುಳಿಗಳ ಎಣಿಕೆ ನಿರ್ಧರಿಸುತ್ತವೆ. ಸ್ಪ್ರಿಂಗಿನ ತುದಿಯನ್ನು ಒತ್ತಿ ಹಿಡಿಯುವ ಕಾಲರ್ ಇವುಗಳಲ್ಲಿ ಒಂದನ್ನೂ ಮುಟ್ಟುವುದಿಲ್ಲ. ಅದನ್ನು ತಿರುಗಿಸಿದಾಗ ಬದಲಾಗುವುದು ಸ್ಪ್ರಿಂಗಿನ ಮೇಲೆ ಮೊದಲೇ ಇರುವ ಒತ್ತು, ಅಂದರೆ ಪ್ರೀಲೋಡ್. ಪ್ರೀಲೋಡ್ ಬದಲಿಸುವುದು ಗಾಡಿಯ ಎತ್ತರವನ್ನು. ಮೇಲಿನ ಉದಾಹರಣೆಯ ಗಾಡಿಯಲ್ಲಿ ಕಾಲರನ್ನು 5 ಮಿ.ಮೀ. ಬಿಗಿದರೆ ಮುಂಭಾಗ ಸುಮಾರು 10 ಮಿ.ಮೀ. ಏರುತ್ತದೆ, ಅಷ್ಟೆ.

ಕಾಲರ್ ಇರುವುದು ಸ್ಯಾಗ್, ಅಂದರೆ ಭಾರಕ್ಕೆ ಗಾಡಿ ಕೂರುವ ಅಳತೆ, ಹೊಂದಿಸಲು. ಹೆಲ್ಮೆಟ್, ಬೂಟು ಎಲ್ಲ ತೊಟ್ಟು ಸವಾರ ಹತ್ತಿದಾಗ ಒಟ್ಟು ಚಲನೆಯ ಸುಮಾರು ಮೂರನೇ ಒಂದು ಭಾಗದಷ್ಟು ಗಾಡಿ ಕೂರಬೇಕು ಎಂಬುದು ಹೊಂದಾಣಿಕೆ ಶುರುಮಾಡಲು ಬಳಸುವ ಸಾಮಾನ್ಯ ಲೆಕ್ಕ. 450ಆರ್‌ನ ಮುಂದಿನ ಚಕ್ರಕ್ಕೆ ಸುಮಾರು 250 ಮಿ.ಮೀ. ಚಲನೆಯಿದೆ. ಅದು 80 ಮಿ.ಮೀ.ಯಷ್ಟು ಕೂತರೆ, ಗುಂಡಿ ಬಂದಾಗ ಚಕ್ರ ಕೆಳಗಿಳಿದು ನೆಲ ಹಿಡಿಯಲು ಜಾಗ ಉಳಿಯುತ್ತದೆ. ಸ್ಯಾಗ್ ಸರಿಮಾಡಲು ಕಾಲರನ್ನು ಕೊನೆಯವರೆಗೂ ಬಿಗಿಯಬೇಕಾಗಿ ಬಂದರೆ ಸ್ಪ್ರಿಂಗೇ ತಪ್ಪು ಎಂದರ್ಥ.

ತಪ್ಪು ಕಲ್ಪನೆ 5: ಎರಡು ಮೂರು ಸ್ಪ್ರಿಂಗ್ ಜೋಡಿಸಿದ ಶಾಕ್ ಒಂಟಿ ಸ್ಪ್ರಿಂಗಿನದಕ್ಕಿಂತ ಗಟ್ಟಿ.

ಸತ್ಯ: ಒಂದರ ಮೇಲೊಂದು ಕೂತ ಸ್ಪ್ರಿಂಗ್‌ಗಳು ಒಟ್ಟಾಗಿ ಮೆತ್ತಗಾಗುತ್ತವೆ. ಮಿಲಿಮೀಟರಿಗೆ 4 ಕೆಜಿಯದನ್ನೂ 6 ಕೆಜಿಯದನ್ನೂ ಸೇರಿಸಿದರೆ ಬರುವುದು 10 ಅಲ್ಲ, 2.4 ಕೆಜಿ. ಚಲನೆಯ ಒಂದು ಹಂತದಲ್ಲಿ ಕ್ರಾಸ್‌ಓವರ್ ಬಳೆಗಳು ಮೆತ್ತನೆಯ ಸ್ಪ್ರಿಂಗನ್ನು ತಡೆದು ನಿಲ್ಲಿಸುತ್ತವೆ. ಅಲ್ಲಿಂದಾಚೆ 6 ಕೆಜಿಯದು ಒಂಟಿಯಾಗಿ ಕೆಲಸ ಮಾಡುತ್ತದೆ. ಸಣ್ಣ ಉಬ್ಬುಗಳಿಗೆ ಮೆತ್ತಗೆ, ದೊಡ್ಡ ಜಿಗಿತಕ್ಕೆ ಗಟ್ಟಿ ಎಂಬ ಎರಡು ಗುಣ ಒಂದೇ ಶಾಕ್‌ನಲ್ಲಿ ಸಿಗುವುದು ಹೀಗೆ. ಎಟಿವಿ ಓಟದಲ್ಲಿ ಬೆಲೆಬಾಳುವ ‘ಜೀರೋ ಪ್ರೀಲೋಡ್’ ಶಾಕ್‌ಗಳ ಗುಟ್ಟೂ ಇದೇ. ಪೂರ್ತಿ ಚಾಚಿದಾಗ ಸ್ಪ್ರಿಂಗ್ ಮೇಲೆ ಒತ್ತಡವೇ ಇರದ ಕಾರಣ, ಹಾರಿದ ಗಾಡಿಯ ಚಕ್ರ ನೆಲ ಮುಟ್ಟಿದ ಕ್ಷಣದಿಂದ ಮೃದುವಾಗಿ ಕೆಲಸ ಶುರುವಾಗುತ್ತದೆ.

ತಪ್ಪು ಕಲ್ಪನೆ 6: ‘ಹೈ ಸ್ಪೀಡ್’ ಗುಂಡಿ ವೇಗದ ಓಟಕ್ಕೆ, ‘ಲೋ ಸ್ಪೀಡ್’ ನಿಧಾನದ ಓಟಕ್ಕೆ.

ಸತ್ಯ: ಇವು ಕಂಪ್ರೆಶನ್, ಅಂದರೆ ಶಾಕ್ ಒತ್ತಿಕೊಳ್ಳುವುದನ್ನು, ಹೊಂದಿಸುವ ಗುಂಡಿಗಳು. ಇಲ್ಲಿ ಸ್ಪೀಡ್ ಎಂದರೆ ಶಾಕ್‌ನ ದಂಡ ಒಳಸೇರುವ ವೇಗ. ಮೀಟರಿನಲ್ಲಿ ಕಾಣುವ ವೇಗಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಎಂಬತ್ತರ ವೇಗದಲ್ಲಿ ಉದ್ದನೆಯ ತಿರುವಿಗೆ ಗಾಡಿ ವಾಲುವಾಗ ದಂಡ ನಿಧಾನವಾಗಿ ಚಲಿಸುತ್ತದೆ. ಆಗ ಕೆಲಸ ಮಾಡುವುದು ಲೋ ಸ್ಪೀಡ್. ಬ್ರೇಕ್ ಹಿಡಿದಾಗ ಮೂಗು ತಗ್ಗುವುದೂ ಅದರ ಪಾಲಿನದೇ. ಇಪ್ಪತ್ತರ ವೇಗದಲ್ಲಿ ಚೂಪು ಅಂಚಿನ ಕಲ್ಲಿಗೆ ಚಕ್ರ ಬಡಿದರೆ ದಂಡ ಚಿಮ್ಮುತ್ತದೆ, ಆಗಿನದು ಹೈ ಸ್ಪೀಡ್. ವಾಲುವಿಕೆ ಜಾಸ್ತಿಯೆಂದು ಹೈ ಸ್ಪೀಡ್ ಬಿಗಿದವರಿಗೆ ವಾಲುವಿಕೆ ಹಾಗೇ ಉಳಿದು ಕೈನೋವು ಮಾತ್ರ ಹೆಚ್ಚುತ್ತದೆ.

ಒತ್ತಿಕೊಂಡ ಶಾಕ್ ವಾಪಸ್ ಚಾಚುವ ವೇಗವನ್ನು ಹಿಡಿಯುವ ರಿಬೌಂಡ್ ಕೂಡ ಹೀಗೇ ಮೋಸ ಮಾಡುತ್ತದೆ. ಅದನ್ನು ಅತಿಯಾಗಿ ಬಿಗಿದರೆ ಸಾಲು ಉಬ್ಬುಗಳಲ್ಲಿ ಶಾಕ್ ಪೂರ್ತಿ ಚಾಚುವ ಮೊದಲೇ ಮುಂದಿನ ಉಬ್ಬು ಬರುತ್ತದೆ. ಪ್ರತಿ ಏಟಿಗೂ ಗಾಡಿ ಇನ್ನಷ್ಟು ತಗ್ಗಿ, ಕೊನೆಗೆ ಚಲನೆಯೇ ಉಳಿಯುವುದಿಲ್ಲ. ಸವಾರನಿಗೆ ಅದು ಸ್ಪ್ರಿಂಗ್ ಗಟ್ಟಿಯಾದಂತೆ ಅನಿಸಿ, ಇನ್ನೂ ಮೆತ್ತನೆಯದನ್ನು ಹಾಕಿಸಿ ತೊಂದರೆ ಹೆಚ್ಚಿಸಿಕೊಳ್ಳುತ್ತಾನೆ. ಒಮ್ಮೆಗೆ ಒಂದೇ ಗುಂಡಿ, ಒಂದೆರಡೇ ಕ್ಲಿಕ್, ಅದೇ ಸುತ್ತು ಮತ್ತೆ. ಮೊದಲಿದ್ದ ಕ್ಲಿಕ್ ಎಷ್ಟೆಂದು ಬರೆದಿಟ್ಟುಕೊಳ್ಳಬೇಕು.

ತಪ್ಪು ಕಲ್ಪನೆ 7: ನೈಟ್ರೋಜನ್ ಹೆಚ್ಚು ತುಂಬಿಸಿದರೆ ಶಾಕ್ ಗಟ್ಟಿಯಾಗುತ್ತದೆ.

ಸತ್ಯ: ಶಾಕ್ ಪಕ್ಕಕ್ಕೆ ಅಂಟಿಕೊಂಡ ಡಬ್ಬಿಯಲ್ಲಿರುವ ಗ್ಯಾಸ್‌ನ ಕೆಲಸ ಆಯಿಲನ್ನು ಸದಾ ಒತ್ತಿ ಹಿಡಿಯುವುದು. ಆ ಒತ್ತಡವಿಲ್ಲದಿದ್ದರೆ ವೇಗವಾಗಿ ಓಡುವ ಪಿಸ್ಟನ್ನಿನ ಹಿಂದೆ ಗುಳ್ಳೆಗಳೆದ್ದು ಡ್ಯಾಂಪಿಂಗ್ ಕಳೆದುಹೋಗುತ್ತದೆ. ಆಯಿಲ್ ಮತ್ತು ಗ್ಯಾಸನ್ನು ತೇಲುವ ಪಿಸ್ಟನ್‌ನಿಂದ ಬೇರ್ಪಡಿಸುವ ಈ ವಿನ್ಯಾಸ 1950ರ ದಶಕದಲ್ಲಿ ಫ್ರಾನ್ಸಿನ ಕ್ರಿಸ್ಟಿಯನ್ ಬುರ್ಸಿಯೆ ದ ಕಾರ್ಬೋನ್ ರೂಪಿಸಿದ್ದು. ನೈಟ್ರೋಜನ್ನೇ ಏಕೆ? ಅದರಲ್ಲಿ ತೇವವಿಲ್ಲ, ಆಯಿಲನ್ನು ಕೆಡಿಸುವ ಆಮ್ಲಜನಕವಿಲ್ಲ.

ಬಲದ ಲೆಕ್ಕವನ್ನೂ ನೋಡಿಬಿಡಿ. 14 ಮಿ.ಮೀ. ದಪ್ಪದ ದಂಡದ ಮೇಲೆ 200 ಪಿಎಸ್‌ಐ ಒತ್ತಡ ಹಾಕುವ ಬಲ 22 ಕೆಜಿಯ ಆಸುಪಾಸು. ಒತ್ತಡವನ್ನು ಹತ್ತು ಪಿಎಸ್‌ಐ ಏರಿಸಿದರೆ ಸಿಗುವುದು ಒಂದು ಕೆಜಿಗಿಂತ ಸ್ವಲ್ಪ ಹೆಚ್ಚು. ಅಷ್ಟಕ್ಕಾಗಿ ಸೀಲ್ ಸವೆಸಬೇಕಿಲ್ಲ. ತಯಾರಕರು ಹೇಳಿದಷ್ಟು ತುಂಬಿಸಿ ಸುಮ್ಮನಿರುವುದು ಲೇಸು.

ತಪ್ಪು ಕಲ್ಪನೆ 8: ಗಾಳಿ ಶಾಕ್ ಹಗುರ, ಹಾಗಾಗಿ ಎಲ್ಲಕ್ಕೂ ಮೇಲು.

ಸತ್ಯ: ಉಕ್ಕಿನ ಸ್ಪ್ರಿಂಗ್ ಬದಲು ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡ ಫಾಕ್ಸ್ ಫ್ಲೋಟ್‌ನಂಥ ಶಾಕ್‌ಗಳು ಹಗುರ ನಿಜ. ಕೈಪಂಪಿನಲ್ಲೇ ಬಿಗಿ ಬದಲಿಸಬಹುದು, ಕೊನೆಯತ್ತ ಹೋದಂತೆ ತಾವಾಗಿ ಗಟ್ಟಿಯಾಗುತ್ತವೆ. ತೂಕದ ಪ್ರತಿ ಕೆಜಿಗೂ ಪರದಾಡುವ ಬಾಹಾ ತಂಡಗಳಿಗೆ ಅವು ಇಷ್ಟವಾಗುವುದು ಇದರಿಂದಲೇ. ಆದರೆ ಮುಚ್ಚಿದ ಕೋಣೆಯ ಗಾಳಿ 25 ಡಿಗ್ರಿಯಿಂದ 75 ಡಿಗ್ರಿಗೆ ಬಿಸಿಯಾದರೆ ಒತ್ತಡ ಸುಮಾರು ಶೇ 17 ಏರುತ್ತದೆ. ನೆರಳಿನಲ್ಲಿ ಹೊಂದಿಸಿದ ಗಾಡಿ ನಾಲ್ಕು ಗಂಟೆಯ ಎಂಡ್ಯೂರೆನ್ಸ್ ಓಟದ ನಡುವೆ ಹಾಗೇ ಇರುವುದಿಲ್ಲ. ಗಾಳಿ ಹಿಡಿದಿಡಲು ಸೀಲ್ ಬಿಗಿಯಾಗಿರಬೇಕಾದ್ದರಿಂದ ಉಜ್ಜಾಟವೂ ಹೆಚ್ಚು. ಮಣ್ಣು ಕೂತ ಸೀಲ್ ಸೋರಿದರೆ ಸ್ಪ್ರಿಂಗೇ ಮಾಯ.

ಹಣ ಕೊಡುವ ಮುನ್ನ

ಒಳ್ಳೆಯ ಶಾಕ್ ತಯಾರಕರು ಆರ್ಡರ್ ತೆಗೆದುಕೊಳ್ಳುವಾಗ ಪ್ರಶ್ನೆಗಳ ಪಟ್ಟಿಯನ್ನೇ ಮುಂದಿಡುತ್ತಾರೆ: ಎಲ್ಲ ತೊಟ್ಟ ಸವಾರನ ತೂಕ, ಗಾಡಿಯ ಮಾದರಿ, ಎ-ಆರ್ಮ್ ಯಾವುದು, ಅಗಲ ಎಷ್ಟು, ಹಿಂದಿನ ಸ್ವಿಂಗ್ ಆರ್ಮ್ ಮತ್ತು ಲಿಂಕ್ ಮೂಲದ್ದೇ, ಯಾವ ಓಟ, ಸವಾರ ಎಷ್ಟು ಪಳಗಿದವನು. ಇವನ್ನು ಕೇಳದೆ ಡಬ್ಬಿ ತೆಗೆದುಕೊಟ್ಟವರು ಮಾರುತ್ತಿರುವುದು ಹೆಸರನ್ನಷ್ಟೇ.

ಖರ್ಚಿಗೂ ಒಂದು ಕ್ರಮವಿದೆ. 450ಆರ್‌ಗೆ ಯಮಹಾ ಕೊಟ್ಟಿರುವ ಕೆವೈಬಿ ಶಾಕ್‌ಗಳಲ್ಲೇ ಪ್ರೀಲೋಡ್, ರಿಬೌಂಡ್, ಹೈ ಮತ್ತು ಲೋ ಸ್ಪೀಡ್ ಕಂಪ್ರೆಶನ್ ಎಲ್ಲವನ್ನೂ ಹೊಂದಿಸಬಹುದು. ಹಾಗಾಗಿ ಮೊದಲು ಸ್ಯಾಗ್ ಅಳೆಯಿರಿ. ಕಪ್ಪಾದ ಹಳೆಯ ಆಯಿಲ್ ಮತ್ತು ಸೀಲ್ ಬದಲಿಸಿ. ತೂಕಕ್ಕೆ ತಕ್ಕ ಸ್ಪ್ರಿಂಗ್ ಹಾಕಿಸಿ, ಅದಕ್ಕೆ ಹೊಂದುವಂತೆ ಒಳಗಿನ ಬಿಲ್ಲೆಗಳನ್ನು ಮರುಜೋಡಿಸಿ. ಆಮೇಲೂ ಟ್ರ್ಯಾಕಿನ ಅತಿ ದೊಡ್ಡ ಜಿಗಿತದಲ್ಲಿ ಮಾತ್ರವಲ್ಲ, ಸಾಧಾರಣ ಉಬ್ಬಿಗೂ ಶಾಕ್ ತಳ ಬಡಿಯುತ್ತಿದ್ದರೆ, ಅಥವಾ ಆಯಿಲ್ ಬಿಸಿಯೇರಿ ಅರ್ಧ ಓಟಕ್ಕೇ ಡ್ಯಾಂಪಿಂಗ್ ಸೋತರೆ, ಆಗ ಹೊಸ ಶಾಕ್‌ಗೆ ಹಣ ಹಾಕಲು ಕಾರಣ ಸಿಕ್ಕಿತು. ಆಗಲೂ ಅಂಗಡಿಗೆ ಹೋಗುವಾಗ ಬ್ರ್ಯಾಂಡ್ ಹೆಸರಿಗಿಂತ ಮೊದಲು ನಿಮ್ಮ ಅಳತೆಗಳ ಚೀಟಿ ಕೈಯಲ್ಲಿರಲಿ.