ದುಃಖದ ಮೆಲುಕು ಮನಸ್ಸಿಗೆ ಹಾನಿಕರ

1989ರ ಅಕ್ಟೋಬರ್ 17ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಭಾರೀ ಭೂಕಂಪ ಸಂಭವಿಸಿತು. ಅದಕ್ಕೆ ಎರಡು ವಾರ ಮೊದಲಷ್ಟೇ ಮನಶ್ಶಾಸ್ತ್ರಜ್ಞೆ ಸೂಸನ್ ನೋಲೆನ್-ಹೋಕ್ಸೆಮಾ ಅವರು ಅಲ್ಲಿನ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮನೋಸ್ಥಿತಿಯನ್ನು ದಾಖಲಿಸಿಕೊಂಡಿದ್ದರು. ಬೇಸರವಾದಾಗ ಏನು ಮಾಡುತ್ತೀರಿ ಎಂದೂ ವಿಚಾರಿಸಿದ್ದರು. ಕಾಕತಾಳೀಯವೆನ್ನಬಹುದಾದ ಈ ಮಾಹಿತಿಯೇ ಮುಂದೆ ಅಮೂಲ್ಯವಾಯಿತು. ಭೂಕಂಪದ ಹತ್ತು ದಿನಗಳ ನಂತರವೂ ಏಳು ವಾರಗಳ ನಂತರವೂ ಪರೀಕ್ಷಿಸಿದಾಗ, ದುಃಖವನ್ನೇ ಮೆಲುಕು ಹಾಕುವ ಸ್ವಭಾವದವರಲ್ಲಿ ಖಿನ್ನತೆ ಅಧಿಕವಾಗಿತ್ತು.

ಪರೀಕ್ಷೆಯಲ್ಲಿ ಅನುತ್ತೀರ್ಣನಾದ ಬಾಲಕನಿಗೂ ನೌಕರಿ ಕಳೆದುಕೊಂಡ ಗೃಹಸ್ಥನಿಗೂ ಇದು ಸಮಾನವಾಗಿ ಅನ್ವಯಿಸುತ್ತದೆ. 'ಮುಂದೇನು' ಎಂಬ ಆಲೋಚನೆ ದಾರಿ ಹುಡುಕುತ್ತದೆ. 'ನನಗೇ ಏಕೆ ಹೀಗಾಯಿತು' ಎಂಬ ಕೊರಗು ನಿಂತಲ್ಲೇ ಸುತ್ತುತ್ತದೆ. 'ಚಿಂತೆ ಬಿಡು' ಎಂಬ ಹಿರಿಯರ ಬುದ್ಧಿವಾದದಿಂದ ಇದು ನಿಲ್ಲುವುದು ಅಪರೂಪ. ಮನಸ್ಸನ್ನು ತೊಡಗಿಸುವ ಕೆಲಸ, ಆಟ, ನಡಿಗೆಗಳು ಹೆಚ್ಚು ಸಹಕಾರಿ. ಕೊರಗು ವಾರಗಟ್ಟಲೆ ಮುಂದುವರಿದು ನಿದ್ರೆ, ಊಟಗಳಿಗೆ ಅಡ್ಡಿಯಾದರೆ ತಜ್ಞರನ್ನು ಕಾಣಬೇಕು. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಉಚಿತ ಸಲಹೆ ಲಭ್ಯವಿದೆ.